ಸಂಪ್ ಪಂಪ್ ಗುಂಯ್ ಅಂತಿದೆ, ನೀರು ಎತ್ತುತ್ತಿಲ್ಲ. ಗುಂಡಿ ತುಂಬ್ತಾ ಇದೆ

ಕೆಳಮನೆ
ರಾತ್ರಿ 11:20

ಮೊದಲೇ ಹೇಳ್ಬಿಡ್ತೀನಿ, ಇದು ಕುಡಿಯೋ ನೀರಿನ ಸಂಪ್ ಅಲ್ಲ. ನಮ್ಮ ನೆಲಮಾಳಿಗೆಯ ಮೂಲೇಲಿ ಒಂದು ಗುಂಡಿ ಇದೆ. ಗೋಡೆಯಿಂದ ಜಿನುಗಿದ್ದು, ಮಳೆಗೆ ಒಳಗೆ ಹರಿದು ಬಂದದ್ದು ಎಲ್ಲಾ ಅಲ್ಲಿಗೇ ಸೇರತ್ತೆ. ಒಳಗೆ ಮುಳುಗಿ ಕೂತಿರೋ ಪಂಪು, ನೀರು ಏರಿದಾಗ ತಾನೇ ಆನ್ ಆಗಿ ಹೊರಗಿನ ಚರಂಡಿಗೆ ಎತ್ತಿ ಹಾಕತ್ತೆ. ಹಾಕ್ತಿತ್ತು, ಇವತ್ತಿನವರೆಗೆ.

ಸಂಜೆಯಿಂದ ಬಿಡದೆ ಮಳೆ. ಹತ್ತು ಗಂಟೆಗೆ ಬಟ್ಟೆ ಒಣಹಾಕೋಕೆ ಕೆಳಗೆ ಹೋದ್ರೆ ಗುಂಡಿ ನೀರು ನೆಲಕ್ಕೆ ಮೂರು ಬೆರಳಷ್ಟೇ ಬಾಕಿ. ಪಂಪನ್ನ ಆನ್ ಆಫ್ ಮಾಡೋ ಫ್ಲೋಟ್ ಮೇಲೆ ತೇಲ್ತಾ ಇದೆ, ಪಂಪು ಸುಮ್ನಿದೆ. ನೋಡ್ತಾ ನಿಂತಿರೋವಾಗ್ಲೇ ಗುಂಯ್ಯ್ ಅಂತ ಶುರು ಆಯ್ತು. ಏಳೆಂಟು ಸೆಕೆಂಡು ಗುಂಯ್ ಅಂತು, ಟಕ್ ಅಂತ ನಿಂತೋಯ್ತು. ಒಂದು ಹನಿ ನೀರೂ ಕಮ್ಮಿ ಆಗ್ಲಿಲ್ಲ. ಸುಮಾರು ಹದಿನೈದು ನಿಮಿಷ ಆದ್ಮೇಲೆ ಮತ್ತೆ ಅದೇ ಗುಂಯ್, ಅದೇ ಟಕ್. ಯಾರೋ ಎಬ್ಬಿಸಿದ್ರೆ ಎದ್ದು ಮಗ್ಗುಲು ಬದಲಿಸಿ ಮತ್ತೆ ಮಲಗಿದ ಹಾಗೆ.

ಸ್ವಿಚ್ ಆಫ್ ಮಾಡಿ ಆನ್ ಮಾಡ್ದೆ, ಫ್ಲೋಟನ್ನ ಕೋಲಿನಿಂದ ಅಲ್ಲಾಡಿಸ್ದೆ. ನಮ್ಮ ಮಾವ ಮೆಟ್ಟಿಲ ಮೇಲೆ ಟಾರ್ಚ್ ಹಿಡ್ಕೊಂಡು ನಿಂತಿದ್ದಾರೆ, ನೆಲದ ಮೇಲೆ ಅವರ ಹಳೇ ಪುಸ್ತಕದ ಡಬ್ಬಗಳಿವೆ. ಬೆಳಗ್ಗೆಗೆ ಮುಂಚೆ ಯಾರನ್ನೂ ಕರೆಸೋಕೆ ಆಗಲ್ಲ. ನನ್ನ ಹತ್ರ ಸ್ಕ್ರೂಡ್ರೈವರ್ ಇದೆ, ಸ್ಪ್ಯಾನರ್ ಇದೆ, ಮಗನ ಸ್ಕೂಲ್ ಪ್ರಾಜೆಕ್ಟಿಗೆ ತಂದ ಮಲ್ಟಿಮೀಟರ್ ಇದೆ. ಏನು ಮಾಡ್ಲಿ?

ಸ್ಪ್ಯಾನರ್ 22
ರಾತ್ರಿ 11:26

ಕೆಪಾಸಿಟರ್ ಹೋಗಿದೆ, ಮೋಟಾರು ತಿರುಗೋಕೆ ಶುರು ಮಾಡಿಸೋ ಭಾಗ ಅದು. ಗುಂಯ್ ಅಂದ್ರೆ ಕೆಪಾಸಿಟರೇ. ಬದಲಾಯಿಸಿ, ಓಡತ್ತೆ.

ತಾಮ್ರದ ತಂತಿ
ರಾತ್ರಿ 11:41

ಮೇಡಂ, ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಸಾಕೆಟ್ಟಿಂದ ಹೊರಗೆ ಬರಬೇಕು. ಸಾಕೆಟ್ ಹತ್ರ ನೆಲ ಒದ್ದೆ ಇದ್ರೆ ಅದನ್ನೂ ಮುಟ್ಟಬೇಡಿ, ಮೇಲೆ ಹೋಗಿ ಎಮ್‌ಸಿಬಿ ಇಳಿಸಿ ಬನ್ನಿ. ಕರೆಂಟ್ ಇರೋ ಗುಂಡಿಗೆ ಕೈ ಹಾಕಿದ್ದನ್ನ ಒಂದೇ ಒಂದು ಸಲ ಕಣ್ಣಾರೆ ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನಾನು ಮೋಟಾರ್ ರೀವೈಂಡಿಂಗ್ ಮಾಡೋನು. ನೀವು ಹೇಳಿದ ಗುಂಯ್, ಟಕ್, ಹದಿನೈದು ನಿಮಿಷ ಮೌನ, ಮತ್ತೆ ಗುಂಯ್: ಇದರಲ್ಲಿ ಅರ್ಧ ಉತ್ತರ ಇದೆ. ಮೋಟಾರಿಗೆ ಕರೆಂಟ್ ಹೋಗ್ತಿದೆ, ಅಂದ್ರೆ ಫ್ಲೋಟ್ ಸ್ವಿಚ್ ಸರಿ ಇದೆ, ವೈರೂ ಸರಿ ಇದೆ. ಆದ್ರೆ ರೋಟರ್ ತಿರುಗ್ತಿಲ್ಲ. ತಿರುಗದ ಮೋಟಾರು ಮಾಮೂಲಿಗಿಂತ ನಾಕೈದು ಪಟ್ಟು ಕರೆಂಟ್ ಎಳೆಯತ್ತೆ, ವೈಂಡಿಂಗ್ ಕಾಯತ್ತೆ. ಸುಟ್ಟುಹೋಗೋಕೆ ಮುಂಚೆ ಒಳಗಿನ ಥರ್ಮಲ್ ಟ್ರಿಪ್ ಕಡಿದು ಹಾಕತ್ತೆ, ತಣ್ಣಗಾದ್ಮೇಲೆ ತಾನೇ ಕೂಡ್ಕೊಳತ್ತೆ. ನೀವು ಕೇಳಿದ ಟಕ್ ಅದು. ಅದು ನಿಮ್ಮ ಮೋಟಾರನ್ನ ಇಷ್ಟು ಹೊತ್ತೂ ಕಾಪಾಡಿದೆ. ಹಾಗಂತ ಬೆಳಗ್ಗೆವರೆಗೂ ಹಾಗೇ ಬಿಟ್ರೆ ಅದೂ ಸೋಲತ್ತೆ, ಆಮೇಲೆ ನನ್ನಂಥವನ ಹತ್ರ ಬರಬೇಕಾಗತ್ತೆ.

ತಿರುಗದೆ ಇರೋಕೆ ಸಾಮಾನ್ಯವಾಗಿ ಎರಡು ಕಾರಣ. ಸ್ಪ್ಯಾನರ್ ಅವರು ಹೇಳಿದ ಹಾಗೆ ಕೆಪಾಸಿಟರ್ ಸತ್ತಿರಬೇಕು, ಇಲ್ಲ ಇಂಪೆಲ್ಲರ್, ಅಂದ್ರೆ ನೀರು ತಳ್ಳೋ ರೆಕ್ಕೆಚಕ್ರ, ಜಾಮ್ ಆಗಿರಬೇಕು. ಹೊರಗಿಂದ ಎರಡೂ ಒಂದೇ ಥರ ಕೂಗತ್ತೆ. ಪಂಪು ಮೇಲೆತ್ತಿ, ತಳದ ಜಾಲರಿ ಬಿಚ್ಚಿ, ಇಂಪೆಲ್ಲರನ್ನ ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿ ನೋಡಿ. ಸಲೀಸಾಗಿ ತಿರುಗಿದ್ರೆ ಕೆಪಾಸಿಟರ್ ಮೇಲೆ ಅನುಮಾನ. ತಿರುಗದಿದ್ರೆ ಏನೋ ಸಿಕ್ಕಿದೆ. ವೈರ್ ಹಿಡಿದು ಎತ್ತಬೇಡಿ, ಹಿಡಿಗೆ ಹಗ್ಗ ಕಟ್ಟಿ ಎತ್ತಿ. ವೈರ್ ಎಳೆದ್ರೆ ಅದು ಒಳಗೆ ಹೋಗೋ ಜಾಗದ ಸೀಲ್ ಸಡಿಲ ಆಗತ್ತೆ, ಅಲ್ಲಿಂದ ನೀರು ಮೋಟಾರ್ ಒಳಗೆ.

ಇನ್ನೊಂದು ವಿಷಯ ಗಮನಿಸಿ. ಪಂಪಿಂದ ಮೇಲಕ್ಕೆ ಹೋಗೋ ಪೈಪಿನಲ್ಲಿ ಒಂದು ಎನ್‌ಆರ್‌ವಿ ಇರತ್ತೆ, ಎತ್ತಿದ ನೀರು ವಾಪಸ್ ಇಳಿಯದ ಹಾಗೆ ತಡೆಯೋ ವಾಲ್ವ್, ಬಾಣದ ಗುರುತಿರೋ ದಪ್ಪ ತುಂಡು. ಅದರ ಕೆಳಗಿನ ಕಪ್ಲಿಂಗ್ ಅಲ್ಲ, ಮೇಲಿನದನ್ನ ಬಿಚ್ಚಿ. ಬಿಚ್ಚಿದಾಗ ಮೇಲಿನ ಪೈಪಿಂದ ನೀರು ದಬದಬ ಸುರಿಯಬೇಕು. ಸುರೀತಾ ಇಲ್ವಾ ನೋಡಿ ಹೇಳಿ.

ಲೆಕ್ಕದ ಮೇಷ್ಟ್ರು
ರಾತ್ರಿ 11:58

ಪಂಪ್ ಬಿಚ್ಚೋದನ್ನ ಅವರು ಹೇಳ್ತಾರೆ, ನಾನು ಗಾಬರಿ ಕಮ್ಮಿ ಮಾಡ್ತೀನಿ. ಗುಂಡಿ ಎಷ್ಟಗಲ? ನೀರು ಎಷ್ಟು ಹೊತ್ತಿಗೆ ಎಷ್ಟು ಏರ್ತಿದೆ? ಸ್ಕೇಲ್ ಇಟ್ಟು ನೋಡಿ.

ಕೆಳಮನೆ
ರಾತ್ರಿ 12:14

ಪ್ಲಗ್ ಕಿತ್ತಿದ್ದಾಯ್ತು. ಸಾಕೆಟ್ ಎದೆ ಎತ್ತರದಲ್ಲಿದೆ, ಅಲ್ಲಿ ಒಣಗೇ ಇದೆ. ಮಾವ ಹೋಗಿ ಎಮ್‌ಸಿಬಿನೂ ಇಳಿಸಿ ಬಂದ್ರು, ಈಗ ಟಾರ್ಚೇ ಗತಿ.

ಗುಂಡಿ ದುಂಡಗಿದೆ, 18 ಇಂಚು ಅಗಲ, 24 ಇಂಚು ಆಳ. ಬಕೆಟ್ಟಲ್ಲಿ ಒಂದಷ್ಟು ಮೊಗೆದು ಹಾಕಿ ಸ್ಕೇಲ್ ಇಟ್ಟೆ. 12 ನಿಮಿಷಕ್ಕೆ 4 ಇಂಚು ಏರ್ತು.

ಲೆಕ್ಕದ ಮೇಷ್ಟ್ರು
ರಾತ್ರಿ 12:19

18 ಇಂಚಿನ ದುಂಡು ಗುಂಡೀಲಿ ಒಂದು ಇಂಚು ನೀರು ಅಂದ್ರೆ ಸುಮಾರು 4.2 ಲೀಟರ್. ನಾಲ್ಕು ಇಂಚಿಗೆ 17 ಲೀಟರ್, ಹನ್ನೆರಡು ನಿಮಿಷಕ್ಕೆ. ಅಂದ್ರೆ ಹದಿನೈದು ಲೀಟರಿನ ಒಂದು ಬಕೆಟ್ ಹತ್ತು ಹನ್ನೊಂದು ನಿಮಿಷಕ್ಕೊಂದು ಸಲ. ನೋಡೋಕೆ ಪ್ರಳಯ, ಲೆಕ್ಕಕ್ಕೆ ಒಂದು ನಲ್ಲಿ ಸಣ್ಣಗೆ ಬಿಟ್ಟಷ್ಟು. ಗುಂಡಿ ಪೂರ್ತಿ ಖಾಲಿ ಮಾಡಿಬಿಟ್ರೆ ಮತ್ತೆ ತುಂಬೋಕೆ ಒಂದು ಗಂಟೆಗೂ ಮೇಲೆ ಬೇಕು. ಅಷ್ಟರಲ್ಲಿ ಪಂಪು ಬಿಚ್ಚಿ ನೋಡಬಹುದು, ಮಾವನವರ ಪುಸ್ತಕ ಎರಡು ಮೆಟ್ಟಿಲು ಮೇಲಕ್ಕೆ ಹತ್ತಿಸಬಹುದು. ಮಳೆ ಜೋರಾದ್ರೆ ಲೆಕ್ಕ ಬದಲಾಗತ್ತೆ, ಆಗಾಗ ಸ್ಕೇಲ್ ನೋಡ್ತಿರಿ.

ಕೆಳಮನೆ
ರಾತ್ರಿ 1:35

ಪಂಪು ಈಗ ನನ್ನ ಮುಂದೆ ಪೇಪರ್ ಮೇಲೆ ಕೂತಿದೆ. ಕೈಯೆಲ್ಲಾ ಕರೀ ಕೆಸರು.

ಮೇಲಿನ ಕಪ್ಲಿಂಗ್ ಬಿಚ್ಚಿದಾಗ ತಲೆ ಮೇಲೆ ಸುರಿಯತ್ತೆ ಅಂತ ಪಕ್ಕಕ್ಕೆ ಸರಿದು ನಿಂತಿದ್ದೆ. ಏನೂ ಬರಲಿಲ್ಲ. ಒಂದೆರಡು ಹನಿ, ಅಷ್ಟೆ.

ಜಾಲರಿಗೆ ಆರು ಸ್ಕ್ರೂ, ಅದರಲ್ಲಿ ಒಂದು ತುಕ್ಕು ಹಿಡಿದು ಅರ್ಧ ಗಂಟೆ ತಿಂತು. ತೆಗೆದು ನೋಡಿದ್ರೆ ಇಂಪೆಲ್ಲರ್ ಅಲ್ಲಾಡ್ತಾನೇ ಇಲ್ಲ. ಟಾರ್ಚ್ ಬಿಟ್ಟು ನೋಡ್ದೆ. ರೆಕ್ಕೆಗೂ ಸುತ್ತಲಿನ ಗೋಡೆಗೂ ಮಧ್ಯೆ ಕಪ್ಪಗೆ ಏನೋ ಬೆಣೆ ಹೊಡೆದ ಹಾಗೆ ಕೂತಿತ್ತು. ಇಕ್ಕಳದಲ್ಲಿ ಹಿಡಿದು ತಿರುಚಿ ಎಳೆದ್ರೆ ಬಂತು. ರಬ್ಬರು. ಅರ್ಧ ಚಂದ್ರನ ಆಕಾರ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ದಪ್ಪಗೆ ಗಟ್ಟಿಯಾಗಿದೆ, ಒಂದು ಅಂಚು ನೀಟಾಗಿ ದುಂಡಗೆ, ಇನ್ನೊಂದು ಅಂಚು ಹರಿದಿದೆ. ಚಪ್ಪಲಿ ಚೂರು ಅಂತಾರೆ ಮಾವ. ಆದ್ರೆ ಜಾಲರಿಯ ತೂತು ನನ್ನ ಕಿರುಬೆರಳೂ ಹೋಗದಷ್ಟು ಸಣ್ಣ, ಇದು ಒಳಗೆ ಹೇಗೆ ಬಂತು?

ತೆಗೆದ್ಮೇಲೆ ಇಂಪೆಲ್ಲರ್ ಬೆರಳಲ್ಲಿ ತಿರುಗಿಸಿದ್ರೆ ಸಲೀಸಾಗಿ ಸುತ್ತತ್ತೆ.

ಸ್ಪ್ಯಾನರ್ 22
ರಾತ್ರಿ 1:40

ಸರಿ, ನಾನು ಸೋತೆ. ಆದ್ರೂ ಇಷ್ಟು ಹೊತ್ತು ಒದ್ದಾಡಿದೆ, ಕೆಪಾಸಿಟರ್ ಒಂದ್ಸಲ ನೋಡಿಬಿಡಿ.

ತಾಮ್ರದ ತಂತಿ
ರಾತ್ರಿ 1:52

ಮೇಡಂ, ಅದು ಕೆಳಗಿಂದ ಬಂದಿದ್ದಲ್ಲ, ಮೇಲಿಂದ ಬಿದ್ದಿದ್ದು. ಮೇಲೆ ನೀರು ಸುರೀಲಿಲ್ಲ ಅಂದ್ರಲ್ಲ, ಆಗ್ಲೇ ಅನುಮಾನ ಬಂತು. ಎನ್‌ಆರ್‌ವಿ ಕೈಗೆತ್ಕೊಂಡು ಕಣ್ಣಿಗೆ ದುರ್ಬೀನಿನ ಹಾಗೆ ಇಟ್ಟು ನೋಡಿ. ಒಳಗೆ ಒಂದು ರಬ್ಬರ್ ಬಾಗಿಲು ಇರತ್ತೆ, ಮೇಲಕ್ಕೆ ಮಾತ್ರ ತೆರೆಯತ್ತೆ. ಅದರಲ್ಲಿ ಒಂದು ಚೂರು ಕಮ್ಮಿ ಇರತ್ತೆ.

ಕೆಪಾಸಿಟರ್ ನೋಡೋದಾದ್ರೆ ಕೆಲವು ಪಂಪಲ್ಲಿ ಹೊರಗಿನ ಡಬ್ಬದಲ್ಲಿರತ್ತೆ, ಕೆಲವದರಲ್ಲಿ ಪಂಪಿನ ತಲೆಯೊಳಗೇ. ತಲೆಯೊಳಗಿದ್ರೆ ನೀವು ಬಿಚ್ಚಬೇಡಿ, ಮತ್ತೆ ಸೀಲ್ ಕೂರಿಸೋದು ಮನೇಲಾಗೋ ಕೆಲಸ ಅಲ್ಲ. ಹೊರಗಿದ್ರೆ ಮುಟ್ಟೋಕೆ ಮುಂಚೆ ಹಳೇ ಕಾಲದ ಫಿಲಮೆಂಟ್ ಬಲ್ಬಿನ ಎರಡು ವೈರ್ ಅದರ ಎರಡು ಕಾಲಿಗೆ ತಾಗಿಸಿ, ಉಳಿದ ಚಾರ್ಜ್ ಇಳಿಯತ್ತೆ.

ಕೆಳಮನೆ
ರಾತ್ರಿ 2:10

ಅಯ್ಯೋ ಹೌದು! ದುರ್ಬೀನಿಟ್ಟು ನೋಡ್ದೆ. ದುಂಡಗಿನ ಬಾಗಿಲಲ್ಲಿ ಒಂದು ಪಕ್ಕ ಯಾರೋ ಕಚ್ಚಿದ ಹಾಗಿದೆ. ಚೂರು ತಂದಿಟ್ರೆ ಸರಿಯಾಗಿ ಕೂರತ್ತೆ.

ಕೆಪಾಸಿಟರ್ ಹೊರಗಿನ ಡಬ್ಬದಲ್ಲೇ ಇತ್ತು. ಮೇಲೆ 10 ಮೈಕ್ರೋಫ್ಯಾರಡ್ ಅಂತಿದೆ, ಮೀಟರಲ್ಲಿ 9.7 ತೋರಿಸ್ತು. ಒಂದು ಕಾಲಿನ ವೈರ್ ತೆಗೆದೇ ಅಳೆದಿದ್ದು.

ಈಗ ಒಂದು ಹೊಳೀತಿದೆ. ಮೊದಲೆಲ್ಲಾ ಪಂಪು ನಿಂತಾಗ ಗೋಡೆ ಒಳಗೆ ಧಡ್ ಅಂತ ಒಂದು ಶಬ್ದ ಬರ್ತಿತ್ತು. ಮಾವನ ರೂಮು ಸರಿಯಾಗಿ ಅದರ ಮೇಲೆ, ರಾತ್ರಿ ಎಚ್ಚರ ಆಗತ್ತೆ ಅಂತ ಗೊಣಗ್ತಿದ್ರು. ಎರಡು ಮೂರು ತಿಂಗಳಿಂದ ಆ ಶಬ್ದ ಇಲ್ಲ. ಸದ್ಯ ನಿಂತಿತಲ್ಲ ಅಂತ ಎಲ್ರೂ ಖುಷಿಯಾಗಿ ಮಲಗಿದ್ವಿ. ಆದ್ರೆ ಪಂಪು ಮಾತ್ರ ಪದೇ ಪದೇ ಓಡ್ತಿತ್ತು. ನಿಂತ ತಕ್ಷಣ ಗುಂಡಿ ನೀರು ತಾನೇ ಒಂದು ಹೆಬ್ಬೆರಳಷ್ಟು ಏರೋದನ್ನೂ ನೋಡಿದೀನಿ, ಮಳೆ ನೀರು ಅಂದ್ಕೊಂಡಿದ್ದೆ.

ಲೆಕ್ಕದ ಮೇಷ್ಟ್ರು
ರಾತ್ರಿ 2:16

ಮಳೆ ನೀರಲ್ಲ, ನೀವೇ ಎತ್ತಿದ ನೀರು. 40 ಮಿಲಿಮೀಟರ್ ಒಳಗಲದ ಪೈಪು 10 ಅಡಿ ನೆಟ್ಟಗೆ ನಿಂತಿದ್ರೆ ಅದರಲ್ಲಿ ಸುಮಾರು 3.8 ಲೀಟರ್ ಹಿಡಿಯತ್ತೆ. ಅದು ವಾಪಸ್ ಬಿದ್ರೆ ನಿಮ್ಮ ಗುಂಡೀಲಿ ಹೆಚ್ಚುಕಮ್ಮಿ ಒಂದು ಇಂಚು. ಫ್ಲೋಟ್ ಆನ್ ಆಗೋ ಮಟ್ಟಕ್ಕೂ ಆಫ್ ಆಗೋ ಮಟ್ಟಕ್ಕೂ ಅಂತರ ಎಷ್ಟು?

ಕೆಳಮನೆ
ರಾತ್ರಿ 2:21

ಗೋಡೆ ಮೇಲೆ ಎರಡು ಪಾಚಿ ಗೆರೆ ಇದೆ, ಮೂರು ಇಂಚು ಇರಬಹುದು.

ಲೆಕ್ಕದ ಮೇಷ್ಟ್ರು
ರಾತ್ರಿ 2:24

ಹಾಗಾದ್ರೆ ಪ್ರತಿ ಸಲ ಮೂರು ಇಂಚು ಎತ್ತೋದು, ಒಂದು ಇಂಚು ವಾಪಸ್ ಸುರ್ಕೊಳ್ಳೋದು. ಫ್ಲೋಟಿನ ವೈರನ್ನ ಪಂಪಿಗೆ ಕಟ್ಟಿರೋ ಜಾಗದಿಂದ ಸ್ವಲ್ಪ ಉದ್ದ ಬಿಡಿ, ಅಂತರ ಆರು ಇಂಚಾದ್ರೂ ಆಗಲಿ. ಆದ್ರೆ ಫ್ಲೋಟ್ ಗೋಡೆಗೋ ಪೈಪಿಗೋ ಸಿಕ್ಕಿಕೊಳ್ಳಬಾರದು, ಅಷ್ಟು ನೋಡ್ಕೊಳ್ಳಿ.

ತಾಮ್ರದ ತಂತಿ
ರಾತ್ರಿ 2:30

ಮೋಟಾರಿಗೆ ಓಡೋದಕ್ಕಿಂತ ಶುರುವಾಗೋದೇ ಕಷ್ಟ. ಪದೇ ಪದೇ ಶುರು ಮಾಡಿಸಿದ್ರೆ ಎಂಥ ವೈಂಡಿಂಗೂ ಬೇಗ ಮುದಿಯಾಗತ್ತೆ. ನನ್ನ ಹತ್ರ ಬರೋ ಇಂಥ ಪಂಪುಗಳಲ್ಲಿ ಬಹುಪಾಲು ಇದೇ ಕಥೆ.

ಸುಟ್ಟ ವಾಸನೆ ಇಲ್ಲ ತಾನೇ? ಗುಂಡಿ ನೀರಿನ ಮೇಲೆ ಎಣ್ಣೆ ಜಿಡ್ಡು ಕಾಮನಬಿಲ್ಲಿನ ಹಾಗೆ ಹರಡಿದ್ಯಾ? ಹರಡಿದ್ರೆ ಸೀಲ್ ಹೋಗಿದೆ, ಓಡಿಸಬೇಡಿ. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬೀಳೋ ಸ್ವಿಚ್) ಇದ್ದು ಅದು ಬೀಳ್ತಿದ್ರೂ ಓಡಿಸಬೇಡಿ. ಇವೆರಡೂ ಇಲ್ಲ ಅಂದ್ರೆ ಈಗಿಗೆ ಎನ್‌ಆರ್‌ವಿಯ ಒಳಗಿನ ಹರಿದ ಬಾಗಿಲು ಪೂರ್ತಿ ಕಿತ್ತು ಹಾಕಿ, ಇಲ್ಲದಿದ್ರೆ ಉಳಿದ ಚೂರೂ ಬೀಳತ್ತೆ. ಖಾಲಿ ಪೈಪಿನ ಹಾಗೆ ಜೋಡಿಸಿ ರಾತ್ರಿ ಕಳೀರಿ. ನೀರು ವಾಪಸ್ ಬೀಳತ್ತೆ, ಬೀಳಲಿ. ನಾಳೆ ಹೊಸ ವಾಲ್ವ್ ಹಾಕಿ, ಬಾಣ ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ಹಾಕಿ ಪಂಪು ಕೆಟ್ಟಿದೆ ಅಂತ ನನ್ನ ಹತ್ರ ತಂದವರಿದ್ದಾರೆ.

ಕೆಳಮನೆ
ರಾತ್ರಿ 3:05

ಎಣ್ಣೆ ಇಲ್ಲ, ವಾಸನೆ ಇಲ್ಲ, ಆರ್‌ಸಿಸಿಬಿ ಬಿದ್ದಿಲ್ಲ. ಬಾಗಿಲು ಕಿತ್ತು ಜೋಡಿಸಿ ಆನ್ ಮಾಡ್ದೆ. ಗುಡುಗುಡು ಅಂತ ಇಪ್ಪತ್ತು ಸೆಕೆಂಡಲ್ಲಿ ಗುಂಡಿ ತಳ ಕಾಣಿಸ್ತು! ಮಾವ ಟಾರ್ಚ್ ಆರಿಸಿ ಮಲಗೋಕೆ ಹೋದ್ರು. ನಾನೂ.

ಕೆಳಮನೆ
ಮೂರನೇ ದಿನ, ಸಂಜೆ 6:40

ಮತ್ತೆ ನಾನೇ. ನಿನ್ನೆ ಹೊಸ ಎನ್‌ಆರ್‌ವಿ ಹಾಕ್ದೆ, ಬಾಣ ಮೇಲಕ್ಕೇ ಇದೆ. ಚೆನ್ನಾಗಿ ಓಡ್ತು, ಧಡ್ ಶಬ್ದವೂ ವಾಪಸ್ ಬಂತು. ಹೇಗೂ ಕೈ ಹಾಕಿದೀನಿ ಅಂತ ಫ್ಲೋಟನ್ನ ಕೈಯಲ್ಲಿ ಎತ್ತಿ ಹಿಡ್ಕೊಂಡು ತಳದ ನೀರೆಲ್ಲಾ ಖಾಲಿ ಮಾಡಿಸ್ದೆ, ಕೆಸರು ಬಳಿಯೋಣ ಅಂತ. ಕೊನೆಗೆ ಸೊರ್ರ್ ಅಂತ ಗಾಳಿ ಎಳೀತು, ಆಫ್ ಮಾಡ್ದೆ. ಕೆಸರು ಬಳಿದೆ, ಪಂಪಿನ ಕೆಳಗೆ ಎರಡು ಇಟ್ಟಿಗೆ ಇಟ್ಟೆ.

ಇವತ್ತು ಮಳೆ. ನೀರು ಏರ್ತು, ಪಂಪು ಆನ್ ಆಯ್ತು. ಈ ಸಲ ಗುಂಯ್ ಅಲ್ಲ, ನಿಜವಾಗ್ಲೂ ತಿರುಗ್ತಿದೆ, ಹಗುರವಾದ ಶಬ್ದ. ಆದ್ರೆ ನೀರು ಒಂಚೂರೂ ಇಳೀತಿಲ್ಲ! ಪ್ಲಗ್ ಕಿತ್ತಿಟ್ಟಿದೀನಿ. ಹಳೇ ವಾಲ್ವ್ ಕೆಟ್ಟು ಕೂತಾಗ ಇಲ್ಲದ ತೊಂದರೆ ಹೊಸದು ಹಾಕಿದ ಮೇಲೆ ಬಂತಲ್ಲ, ನಾನೇ ಏನೋ ಹಾಳು ಮಾಡಿದ್ನಾ?

ಸ್ಪ್ಯಾನರ್ 22
ಸಂಜೆ 6:52

ಈ ಸಲ ಸರಿಯಾಗಿ ಹೇಳ್ತೀನಿ: ಏರ್ ಹಿಡ್ಕೊಂಡಿದೆ.

ತಾಮ್ರದ ತಂತಿ
ಸಂಜೆ 7:10

ಸ್ಪ್ಯಾನರ್ ಅವರು ಹೇಳಿದ್ದು ಸರಿ. ನೀವು ಏನೂ ಹಾಳು ಮಾಡಿಲ್ಲ, ಮೊದಲಿಂದ ಇದ್ದ ಒಂದು ಕೊರತೆ ಈಗ ಬೆಳಕಿಗೆ ಬಂದಿದೆ.

ಸೊರ್ರ್ ಅಂದಾಗ ಪಂಪಿನ ಹೊಟ್ಟೆಗೆ ಗಾಳಿ ತುಂಬ್ಕೊಳ್ತು. ವಾಲ್ವಿನ ಮೇಲೆ ಹತ್ತಡಿ ನೀರು ನಿಂತು ಬಾಗಿಲನ್ನ ಒತ್ತಿ ಹಿಡಿದಿದೆ, ಯಾಕಂದ್ರೆ ಈಗ ಬಾಗಿಲು ಗಟ್ಟಿಯಾಗಿದೆ. ಗುಂಡಿ ಮತ್ತೆ ತುಂಬಿದಾಗ ನೀರು ಕೆಳಗಿಂದ ಬಂತು, ಗಾಳಿಗೆ ಮೇಲೆ ಹೋಗೋಕೆ ದಾರಿ ಇಲ್ಲ. ಇಂಪೆಲ್ಲರ್ ಗಾಳೀಲಿ ಸುತ್ತುತ್ತಿದೆ, ಗಾಳಿಯನ್ನ ತಳ್ಳಿ ಆ ಬಾಗಿಲು ತೆಗೆಸೋ ತಾಕತ್ತು ಅದಕ್ಕಿಲ್ಲ. ಹಳೇದು ಸೋರ್ತಿದ್ದಷ್ಟು ದಿನ ಮೇಲಿನ ನೀರು ವಾಪಸ್ ಇಳಿದು ಗಾಳಿಯನ್ನ ಹೊರಗೆ ತಳ್ತಿತ್ತು. ಕೆಟ್ಟ ವಾಲ್ವೇ ಈ ತಪ್ಪನ್ನ ಮುಚ್ಚಿಟ್ಟಿತ್ತು.

ಈಗ, ಪ್ಲಗ್ ಕಿತ್ತೇ ಇರಲಿ, ವಾಲ್ವಿನ ಕೆಳಗಿನ ಕಪ್ಲಿಂಗ್ ಸ್ವಲ್ಪ ಸಡಿಲ ಮಾಡಿ. ಬುಸ್ ಅಂತ ಗಾಳಿ ಹೋಗೋದು ನಿಂತ ಮೇಲೆ ಬಿಗಿ ಮಾಡಿ. ಓಡತ್ತೆ.

ಮತ್ತೆ ಆಗಬಾರದು ಅಂದ್ರೆ ಪಂಪಿಗೂ ವಾಲ್ವಿಗೂ ಮಧ್ಯೆ, ಗುಂಡಿಯ ಬಾಯಿಗಿಂತ ಕೆಳಗೆ, ಪೈಪಿಗೆ 3ರಿಂದ 4 ಮಿಲಿಮೀಟರಿನ ಒಂದು ತೂತು ಕೊರೀರಿ. ಡ್ರಿಲ್ ಓರೆಯಾಗಿ ಹಿಡೀರಿ, ಚಿಮ್ಮೋ ನೀರು ಗುಂಡಿ ಒಳಗೇ ಕೆಳಮುಖವಾಗಿ ಬೀಳೋ ಹಾಗೆ. ಪಂಪು ಓಡುವಾಗ ಅಲ್ಲಿಂದ ಸಣ್ಣ ಪಿಚಕಾರಿ ಹಾರ್ತಿರತ್ತೆ, ಸೋರ್ತಿದೆ ಅಂತ ಎಮ್‌ಸೀಲ್ ಮೆತ್ತಬೇಡಿ. ಮುಂಚೆ ಯಾರೋ ಹಾಗೆ ಮೆತ್ತಿದ್ರೂ ಮೆತ್ತಿರಬಹುದು, ಪೈಪು ಒರೆಸಿ ನೋಡಿ. ಕೆಲವು ಪಂಪಿಗೆ ಆ ತೂತು ಮೈಮೇಲೇ ಇರತ್ತೆ, ಕೆಸರು ಕಟ್ಟಿಕೊಂಡಿರತ್ತೆ, ಅದನ್ನೂ ನೋಡಿ.

ಕೆಳಮನೆ
ರಾತ್ರಿ 8:45

ಪೈಪು ಒರೆಸಿ ನೋಡ್ದೆ. ವಾಲ್ವಿನಿಂದ ಒಂದು ಗೇಣು ಕೆಳಗೆ ಬೂದುಬಣ್ಣದ ಗುಳ್ಳೆ. ಉಗುರಲ್ಲಿ ಕೆರೆದ್ರೆ ಎಮ್‌ಸೀಲ್, ಕೆಳಗೆ ದುಂಡಗೆ ತೂತು. ಮಾವನ ಮುಖ ನೋಡ್ದೆ. "ಸೋರ್ತಿತ್ತಮ್ಮ, ಅದಕ್ಕೇ ಮುಚ್ಚಿದ್ದೆ" ಅಂದ್ರು.

ಮೊಳೆಯಲ್ಲಿ ಚುಚ್ಚಿ ತೆಗೆದೆ, ಬುಸ್ ಅಂತು. ಆನ್ ಮಾಡಿದ್ರೆ ಪಿಚಕಾರಿ ನೇರವಾಗಿ ನನ್ನ ಮೊಣಕೈಗೆ. ತೂತು ಗುಂಡಿಯ ಗೋಡೆ ಕಡೆ ನೋಡೋ ಹಾಗೆ ಪೈಪನ್ನ ಸ್ವಲ್ಪ ತಿರುಗಿಸಿ ಬಿಗಿ ಮಾಡ್ದೆ. ಐದು ಸಲ ಬಕೆಟ್ಟಲ್ಲಿ ನೀರು ಸುರಿದು ನೋಡಿದೀನಿ, ಐದೂ ಸಲ ಎತ್ತಿ ಹಾಕ್ತು. ನಿಂತ ಮೇಲೆ ನೀರು ಬರೀ ಒಂದು ಗೆರೆಯಷ್ಟು ಏರತ್ತೆ, ಅದು ವಾಲ್ವಿನ ಕೆಳಗಿರೋ ಪೈಪಿಂದು ಅನ್ಕೋತೀನಿ.

ಇನ್ನು ಮಾವಂದೊಂದು ಪ್ರಶ್ನೆ, ನೇರವಾಗಿ ಕೇಳೋಕೆ ಮುಜುಗರವಂತೆ: ಆ ಧಡ್ ಶಬ್ದ ಕಮ್ಮಿ ಮಾಡೋಕೆ ಆಗತ್ತಾ?

ತಾಮ್ರದ ತಂತಿ
ರಾತ್ರಿ 9:02

ಆಗತ್ತೆ. ಪೈಪನ್ನ ಗೋಡೆಗೆ ಹಿಡಿದಿರೋ ಕ್ಲಾಂಪ್ ಸಡಿಲ ಮಾಡಿ, ಮಧ್ಯೆ ಹಳೇ ಸೈಕಲ್ ಟ್ಯೂಬಿನ ಎರಡು ಸುತ್ತು ಹಾಕಿ ಬಿಗಿ ಮಾಡಿ. ಅಷ್ಟಕ್ಕೂ ನಿಲ್ಲದಿದ್ರೆ ಸ್ಪ್ರಿಂಗ್ ಇರೋ ವಾಲ್ವ್ ಬರತ್ತೆ, ನೀರು ಹಿಂದಕ್ಕೆ ನುಗ್ಗೋಕೆ ಮುಂಚೆಯೇ ಮುಚ್ಕೊಳತ್ತೆ, ಧಡ್ ಅನ್ನಲ್ಲ. ಮಾವನವರಿಗೆ ಹೇಳಿ, ಎಮ್‌ಸೀಲ್ ಡಬ್ಬ ಮಾತ್ರ ಮೇಲಿನ ಕಪಾಟಲ್ಲಿಡಲಿ.